ಕಾಮಿಕ್ಸ್ ಕೂಡಿಡುವುದು ಸುಲಭ, ಮಳೆಗಾಲ ದಾಟಿಸುವುದು?

ಮೇ 24ರ ಹೊತ್ತಿಗೆ ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ಮೇಳಗಳ ತಿರುಗಾಟ ಮುಗಿಯುವ ದಿನ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ನಾನು ಅಟ್ಟದಿಂದ ಕಾಮಿಕ್ಸ್ ಪೆಟ್ಟಿಗೆ ಇಳಿಸುತ್ತೇನೆ. ಶಾಲೆಯ ದಿನಗಳಲ್ಲಿ ಹತ್ತಿದ ಹುಚ್ಚು, ತಲೆ ನೆರೆತರೂ ಬಿಟ್ಟಿಲ್ಲ. ಮಂಗಳೂರು, ಉಡುಪಿ ಕಡೆ ಕಾಮಿಕ್ಸ್ ಸೇರಿಸುವುದು ಅಂಥ ಕಷ್ಟವಲ್ಲ. ಉಳಿಸಿಕೊಳ್ಳುವುದೇ ಕಷ್ಟ.

ಶುರು ಮಾಡುವವರು ಮೊದಲು ಒಂದು ಗೆರೆ ಹಾಕಿಕೊಳ್ಳಿ. ಸಿಕ್ಕಿದ್ದೆಲ್ಲ ಹೊತ್ತು ತಂದರೆ ಮನೆಯಲ್ಲಿ ಜಾಗವೂ ಇರುವುದಿಲ್ಲ, ಶಾಂತಿಯೂ ಇರುವುದಿಲ್ಲ. ಡಿಂಗನ ಚಿತ್ರಕಥೆಗಳಿಗಾಗಿ ಬರೀ ಬಾಲಮಂಗಳ ಎಂಬ ಮಕ್ಕಳ ಪತ್ರಿಕೆ ಆಗಬಹುದು. 1964ರಿಂದ 1990ರವರೆಗೆ ಬಂದ ಇಂದ್ರಜಾಲ ಕಾಮಿಕ್ಸ್ ಆಗಬಹುದು. ನನ್ನದು ಅಮರ ಚಿತ್ರಕಥೆ. 1967ರಲ್ಲಿ ಅದನ್ನು ಶುರು ಮಾಡಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ. ಊರಿನ ಅಭಿಮಾನ ಅಂತಲೇ ಇಟ್ಟುಕೊಳ್ಳಿ.

ಹುಡುಕಲು ಗುಜರಿ ಅಂಗಡಿ, ಹಳೆ ಪುಸ್ತಕದಂಗಡಿ, ಮನೆ ಖಾಲಿ ಮಾಡುವ ನೆಂಟರು. ಕೊಳ್ಳುವ ಮೊದಲು ಸಂಖ್ಯೆ ನೋಡಿ. ಅಮರ ಚಿತ್ರಕಥೆಯ ಮೊದಲ 10 ಸಂಚಿಕೆಗಳು ಕನ್ನಡದಲ್ಲಿ ಬಂದ ವಿದೇಶಿ ಕಥೆಗಳು. ಹಾಗಾಗಿಯೇ 'ಕೃಷ್ಣ'ನ ನಂಬರು 11. ಅದೇ ಪುಸ್ತಕದ ಮೇಲೆ 501 ಎಂದಿದ್ದರೆ ಅದು ಆಮೇಲಿನ ಮರುಮುದ್ರಣ. 11 ಇದ್ದ ಮಾತ್ರಕ್ಕೆ ಮೊದಲ ಮುದ್ರಣ ಅಂತಲೂ ಅಲ್ಲ. ಒಳಗಿನ ಇಸವಿ, ಬೆಲೆ ನೋಡದೆ ದುಡ್ಡು ಕೊಡಬೇಡಿ.

ಇನ್ನು ಮಳೆಗಾಲ. ನನ್ನ ಮೊದಲ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅಟ್ಟಕ್ಕೆ ಹಾಕಿದ್ದೆ. ಚೌತಿಗೆ ಬಿಚ್ಚಿದರೆ ಪುಟಗಳು ನೀರುದೋಸೆಯ ಹಾಗೆ ಒಂದಕ್ಕೊಂದು ಅಂಟಿದ್ದವು. ಒಳಗಿದ್ದ ತೇವ ಒಳಗೇ ಉಳಿದು ಬೂಸರು ಹಿಡಿದಿತ್ತು. ಆದ್ದರಿಂದ ಮಳೆ ಬರುವ ಮೊದಲೇ ಪುಸ್ತಕಗಳನ್ನು ನೆರಳಲ್ಲಿ, ಗಾಳಿಗೆ ಬಿಡಿಸಿಡಿ. ಹಪ್ಪಳದ ಹಾಗೆ ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಪೂರ್ತಿ ಒಣಗಿದ ಮೇಲೆ ಗೋಡೆಗೆ ತಾಗದ ಕಪಾಟಿನಲ್ಲಿ ನೇರವಾಗಿ ನಿಲ್ಲಿಸಿ. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಪಿನ್ನು ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದು ಕಾಗದವನ್ನೂ ತಿನ್ನುತ್ತದೆ. ಮೆಲ್ಲಗೆ ಬಿಡಿಸಿ, ಅದೇ ತೂತುಗಳಲ್ಲಿ ಹತ್ತಿ ನೂಲಿನಿಂದ ಹೊಲಿಯಿರಿ. ಹರಿದಲ್ಲಿ ಸೆಲ್ಲೋಟೇಪ್ ಬೇಡವೇ ಬೇಡ, ಕೆಲವು ವರ್ಷಕ್ಕೆ ಹಳದಿ ಕಲೆ ಬೀಳುತ್ತದೆ. ಮೈದಾ ಅಂಟು ಹುಳಗಳಿಗೆ ಊಟ ಬಡಿಸಿದ ಹಾಗೆ.

ಹುಳ ಕಂಡರೆ ಪುಸ್ತಕವನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಎರಡು ವಾರ ಫ್ರೀಜರ್‌ನಲ್ಲಿಡಿ. ಹೊರತೆಗೆದ ಮೇಲೆ ತಂಪು ಇಳಿಯುವವರೆಗೆ ಚೀಲ ಬಿಚ್ಚಬೇಡಿ, ನೀರು ಕೂರುತ್ತದೆ. ಬಂಗುಡೆಯ ಪಕ್ಕ ಭೀಮನನ್ನು ಕಂಡು ಮನೆಯವಳು ಬೈದದ್ದೂ ಇದೆ.

ಗಾಳಿಗಿಡುವ ಕೆಲಸಕ್ಕೆ ಇಡೀ ದಿನ ಬಿಡುವು ಮಾಡಿಕೊಳ್ಳಿ. ಎರಡು ತಾಸು ಸಾಕು ಅಂತ ನಾನೂ ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ಮೊದಲ ಪೆಟ್ಟಿಗೆಯ ಮೂರನೇ ಪುಸ್ತಕಕ್ಕೇ ಓದುತ್ತಾ ಕೂತಿರುತ್ತೇನೆ.