ಪಟ್ಟಿ ಕಿತ್ತಾಗ ಚರ್ಮ ಬರಬಾರದು

ದೊಡ್ಡ ಆರೋಗ್ಯ ಉತ್ಪನ್ನಗಳ ಕಂಪನಿಯೊಂದರ ಸಂಶೋಧನಾ ವಿಭಾಗದಲ್ಲಿ ನನ್ನ ಕೆಲಸ ಗಾಯದ ಪಟ್ಟಿಗಳ ಅಂಟಿನದ್ದು. ಹೊಸತರಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಗಟ್ಟಿಯಾಗಿ ಅಂಟಬೇಕು.

ಲ್ಯಾಬಿನ ಪರೀಕ್ಷೆಯೂ ಹಾಗೇ ಇತ್ತು. ಉಕ್ಕಿನ ತಟ್ಟೆಗೆ ಪಟ್ಟಿ ಅಂಟಿಸಬೇಕು. ಯಂತ್ರ ಅದನ್ನು 180 ಡಿಗ್ರಿ ಮಡಿಸಿ, ನಿಮಿಷಕ್ಕೆ 300 ಮಿಲಿಮೀಟರ್ ವೇಗದಲ್ಲಿ ಎಳೆಯುತ್ತದೆ. ಎಷ್ಟು ಬಲ ಬೇಕಾಯಿತು ಅನ್ನುವುದೇ ಅಂಕ. ನಮ್ಮ ಅಕ್ರಿಲಿಕ್ ಅಂಟು ಚೆನ್ನಾಗೇ ಅಂಕ ತೆಗೆಯಿತು. ನಾನೂ ಹಿಗ್ಗಿದೆ.

ಆ ಮಾದರಿಯನ್ನು ವಯಸ್ಸಾದವರ ವಾರ್ಡಿನ ಹಿರಿಯ ನರ್ಸ್ ಒಬ್ಬರಿಗೆ ತೋರಿಸಿದೆ. ಅವರು ಮೂಲೆ ಎತ್ತಿ ನೋಡಿದರು. "ಅಂಟೋದೇನೋ ಅಂಟುತ್ತೆ ಮೇಡಂ. ನಾಳೆ ಬೆಳಿಗ್ಗೆ ಕೀಳೋಳು ನಾನು. ಚರ್ಮಾನೂ ಜೊತೆಗೇ ಬರುತ್ತೆ" ಅಂದರು.

ಉಕ್ಕು ಚರ್ಮದ ಹಾಗೆ ಬೆವರುವುದಿಲ್ಲ, ಹಿಗ್ಗುವುದಿಲ್ಲ, ನೋವು ಅನ್ನುವುದೂ ಇಲ್ಲ. ಅಕ್ರಿಲಿಕ್ ಅಂಟು ಚರ್ಮದ ಸಣ್ಣ ಸಣ್ಣ ಗೆರೆಗಳೊಳಗೆ ನಿಧಾನವಾಗಿ ಇಳಿಯುತ್ತದೆ. ಹೊತ್ತಾದಷ್ಟೂ ಬಿಗಿ ಜಾಸ್ತಿ. ಮೆತ್ತನೆಯ ಸಿಲಿಕೋನ್ ಜೆಲ್ ಹಾಗಲ್ಲ. ಇಟ್ಟ ತಕ್ಷಣ ಹರಡಿಕೊಳ್ಳುತ್ತದೆ, ಆಮೇಲೆ ಬಿಗಿ ಅಷ್ಟಾಗಿ ಏರುವುದಿಲ್ಲ. ಇದು ನಾವು ಕಂಡುಹಿಡಿದದ್ದೇನೂ ಅಲ್ಲ, ಮೊದಲೇ ಬಳಕೆಯಲ್ಲಿತ್ತು. ಬೆಲೆ ಜಾಸ್ತಿ ಅಂತ ನಾವು ದೂರ ಇಟ್ಟಿದ್ದೆವು, ಅಷ್ಟೆ.

ಜೆಲ್‌ಗೆ ಬದಲಾಯಿಸಿದೆವು. ಲ್ಯಾಬಿನಲ್ಲಿ ಎಲ್ಲ ಸರಿ. ಕ್ರಿಮಿಶುದ್ಧಿ ಮಾಡಿಸಿ ಬಂದ ಪೊಟ್ಟಣ ಒಡೆದರೆ ಪಟ್ಟಿ ಅಂಟುವುದೇ ಇಲ್ಲ! ಲೇಪನ ತೆಳುವಾಗಿದೆ ಅಂತ ಮೂರು ವಾರ ಯಂತ್ರ ನಡೆಸುವವರ ತಲೆ ತಿಂದೆ. ಪಾಪ, ಅವರದೇನೂ ತಪ್ಪಿರಲಿಲ್ಲ. ಶುದ್ಧಿಗೆ ಕೊಟ್ಟದ್ದು 25 ಕಿಲೋಗ್ರೇ (ಕಿರಣದ ಪ್ರಮಾಣದ ಅಳತೆ) ಗಾಮಾ ಕಿರಣ. ಅದು ಸಿಲಿಕೋನಿನ ಉದ್ದನೆಯ ಎಳೆಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತದೆ, ಜೆಲ್ ಗಡುಸಾಗಿ ಅಂಟು ಕಳೆದುಕೊಳ್ಳುತ್ತದೆ. ಶುದ್ಧಿಯಾದ ಮೇಲೆ ಇನ್ನೊಮ್ಮೆ ಅಳೆದು ನೋಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಕೊನೆಗೆ ಕಿರಣ ಬಿಟ್ಟು, ಕ್ರಿಮಿ ಕೊಲ್ಲುವ ಎಥಿಲೀನ್ ಆಕ್ಸೈಡ್ ಅನಿಲಕ್ಕೆ ಹೋದೆವು. ಅದಕ್ಕೆ ಅನಿಲ ಒಳಹೊರಗೆ ಆಡುವಂಥ ಪೊಟ್ಟಣ ಬೇಕು. ಉಳಿದ ಅನಿಲ ಹೊರಹೋಗುವವರೆಗೆ ಸರಕನ್ನು ಸುಮ್ನೆ ಇಟ್ಟುಕೊಂಡು ಕಾಯಬೇಕು. ಉತ್ಪಾದನೆಯವರು ಗೊಣಗಿದರು, ಮಾಡಿದರು.

ಮತ್ತೆ ಅದೇ ನರ್ಸ್ ಹತ್ತಿರ ಹೋದೆ. ಮುಂಗೈಗೆ ಅಂಟಿಸಿಕೊಂಡರು, ಕಿತ್ತರು, ಅದನ್ನೇ ಮತ್ತೆ ಅಂಟಿಸಿದರು. ಒಂದು ಕೂದಲೂ ಬರಲಿಲ್ಲ.

"ಸರಿ, ಸ್ನಾನ ಮಾಡಿದ್ರೆ ನಿಲ್ಲುತ್ತಾ?" ಅಂದರು.

ಅಂಚು ಏಳುತ್ತಿತ್ತು. ಮಾದರಿಗಳನ್ನು ಚೀಲಕ್ಕೆ ಹಾಕಿಕೊಂಡು ವಾಪಸ್ ಬಂದೆ.