ಕೆಟ್ಟ ಸುದ್ದಿ ಬೇಗ ತಲುಪಬೇಕು: ಆರೋಗ್ಯ ಅನುದಾನದ ಸಂಬಂಧವನ್ನು ಬಾಳಿಸುವ ಬಗೆ

ಆರೋಗ್ಯ ಕಾರ್ಯಕ್ರಮಗಳಿಗೆ ಹಣ ನೀಡುವ ಸಂಸ್ಥೆಗೂ ಆ ಹಣದಿಂದ ಜನರ ನಡುವೆ ದುಡಿಯುವ ಸಮುದಾಯ ಸಂಘಟನೆಗೂ ಇರುವ ಸಂಬಂಧ ಎಷ್ಟು ಗಟ್ಟಿ ಎಂಬುದು ಒಪ್ಪಂದಪತ್ರದಿಂದ ತಿಳಿಯುವುದಿಲ್ಲ. ಲಸಿಕೆಗೆ ಬರುವವರ ಸಂಖ್ಯೆ ಕುಸಿದಾಗ ಅಥವಾ ತರಬೇತಿ ಪಡೆದ ಕಾರ್ಯಕರ್ತೆಯರು ಕೆಲಸ ಬಿಟ್ಟಾಗ, ಆ ಸುದ್ದಿ ಹಣ ಕೊಟ್ಟವರಿಗೆ ಎಷ್ಟು ದಿನಗಳಲ್ಲಿ ಮುಟ್ಟುತ್ತದೆ ಎಂಬುದೇ ಸರಿಯಾದ ಅಳತೆ. ಅದು ವರ್ಷದ ಕೊನೆಯ ವರದಿಯಲ್ಲಿ, ಅದೂ ಸವರಿದ ಮಾತುಗಳಲ್ಲಿ ಬಂದರೆ, ಎರಡೂ ಕಡೆಯವರ ನಡುವೆ ಭಯವಿದೆ ಎಂದೇ ತಿಳಿಯಬೇಕು. ಇಲ್ಲಿನ ಸಲಹೆಗಳಲ್ಲಿ ಹೆಚ್ಚಿನವು ಹಣ ಕೊಡುವವರಿಗೆ ಸೇರಿದವು, ಏಕೆಂದರೆ ಷರತ್ತು ಬರೆಯುವವರು ಅವರೇ.

ಅರ್ಜಿ ಕರೆಯುವ ಮುನ್ನವೇ ಸಮುದಾಯದವರನ್ನು ಕೂರಿಸಿ ಮಾತಾಡಿ. ತಮ್ಮ ಆರೋಗ್ಯ ಸೇವೆಯ ಯೋಜನೆ ಮತ್ತು ಅನುಷ್ಠಾನದಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕು ಹಾಗೂ ಕರ್ತವ್ಯ ಎಂದು ಪ್ರಾಥಮಿಕ ಆರೋಗ್ಯ ಸೇವೆ ಕುರಿತ ಅಂತರರಾಷ್ಟ್ರೀಯ ಸಮ್ಮೇಳನದ 1978ರ ಆಲ್ಮಾ ಆಟಾ ಘೋಷಣೆ ಹೇಳಿತ್ತು. ಏಡ್ಸ್, ಕ್ಷಯ ಮತ್ತು ಮಲೇರಿಯಾ ವಿರುದ್ಧ ಹಣ ಒದಗಿಸುವ ಗ್ಲೋಬಲ್ ಫಂಡ್, ಪ್ರತಿ ದೇಶದ ಸಮನ್ವಯ ಸಮಿತಿಯಲ್ಲಿ ಈ ರೋಗಗಳಿಂದ ಬಾಧಿತರಾದವರಿಗೆ ಸ್ಥಾನವಿರಬೇಕೆಂದು ಕೇಳುತ್ತದೆ. ಆದರೆ ಕುರ್ಚಿ ಕೊಟ್ಟ ಮಾತ್ರಕ್ಕೆ ಮಾತಿಗೆ ತೂಕ ಬರುವುದಿಲ್ಲ. ಸಭೆಗೆ ಬಂದವರ ಪ್ರಯಾಣ ವೆಚ್ಚ ಮತ್ತು ದಿನದ ದುಡಿಮೆಯ ನಷ್ಟವನ್ನು ಭರಿಸಿ, ಅವರ ಮಾತಿನಿಂದ ಕರಡಿನಲ್ಲಿ ಏನು ಬದಲಾಯಿತು ಎಂಬುದನ್ನು ಲಿಖಿತವಾಗಿ ತಿಳಿಸಿ. ಏನೂ ಬದಲಾಗದಿದ್ದರೆ ಅದನ್ನೂ ಕಾರಣಸಹಿತ ಹೇಳಿ.

ಮುಂದಿನ ವಿಷಯ ಹಣದ ಸ್ವರೂಪ. ನನ್ನ ದೃಷ್ಟಿಯಲ್ಲಿ ಹೆಚ್ಚಿನ ಸಂಬಂಧಗಳು ಕೆಡುವುದು ಇಲ್ಲಿಯೇ. ಹನ್ನೆರಡು ತಿಂಗಳ ಅನುದಾನ ಪಡೆದ ಸಂಘಟನೆ ಮೊದಲ ಮೂರು ತಿಂಗಳು ಜನರನ್ನು ನೇಮಿಸಿಕೊಳ್ಳುವುದರಲ್ಲಿ, ಕೊನೆಯ ಮೂರು ತಿಂಗಳು ಮುಂದಿನ ಅರ್ಜಿ ಬರೆಯುವುದರಲ್ಲಿ ಕಳೆಯುತ್ತದೆ. ನಡುವೆ ಉಳಿದ ಅವಧಿಯಲ್ಲಿ ರಕ್ತದೊತ್ತಡದ ರೋಗಿಯೊಬ್ಬರು ನಿಯಮಿತವಾಗಿ ಮಾತ್ರೆ ನುಂಗುವ ರೂಢಿಗೆ ಬರುವುದೂ ಕಷ್ಟ. ಆದ್ದರಿಂದ ಕನಿಷ್ಠ ಮೂರು ವರ್ಷ, ಸಾಧ್ಯವಾದರೆ ಐದು ವರ್ಷಗಳ ಬದ್ಧತೆ ಇರಲಿ. ಅಮೆರಿಕದ ದತ್ತಿ ಸಂಸ್ಥೆ ಫೋರ್ಡ್ ಫೌಂಡೇಶನ್ ತನ್ನ ಬಿಲ್ಡ್ ಎಂಬ ಅನುದಾನ ಕಾರ್ಯಕ್ರಮದಲ್ಲಿ ಐದು ವರ್ಷಗಳ ಅವಧಿ, ಅಗತ್ಯಕ್ಕೆ ತಕ್ಕಂತೆ ಬಳಸಬಹುದಾದ ಹಣ ಮತ್ತು ಸಂಸ್ಥೆಯ ಬಲವರ್ಧನೆ, ಈ ಮೂರನ್ನೂ ಒಟ್ಟಿಗೆ ಇಟ್ಟಿತು. ಬಾಡಿಗೆ, ಲೆಕ್ಕಿಗರ ಸಂಬಳ ಮತ್ತು ಆಡಿಟ್ ಖರ್ಚನ್ನು ‘ಆಡಳಿತ ವೆಚ್ಚ’ವೆಂದು ಹೀಗಳೆಯದೆ ಪೂರ್ತಿಯಾಗಿ ಒಪ್ಪಿಕೊಳ್ಳಿ. ಅಮೆರಿಕದ ಫೆಡರಲ್ ನಿಯಮಗಳೂ ಸರ್ಕಾರದೊಂದಿಗೆ ಮಾತುಕತೆ ನಡೆಸಿ ದರ ನಿಗದಿ ಮಾಡಿಕೊಂಡಿರದ ಸಂಸ್ಥೆಗಳಿಗೆ ಸಿಗುವ ಪರೋಕ್ಷ ವೆಚ್ಚದ, ಅಂದರೆ ಇಂಥ ಆಡಳಿತ ಖರ್ಚಿನ, ಪ್ರಮಾಣವನ್ನು 2024ರಲ್ಲಿ ಶೇ. 10ರಿಂದ ಶೇ. 15ಕ್ಕೆ ಏರಿಸಿದವು.

ವರದಿಯ ನಮೂನೆಯನ್ನು ಚಿಕ್ಕದಾಗಿಸಿ. ನಿಮ್ಮ ಕಚೇರಿಯಲ್ಲಿ ಯಾರೂ ಓದದ ಪ್ರಶ್ನೆಯನ್ನು ಕೇಳಬೇಡಿ. ಮೂರು ತಿಂಗಳಿಗೊಮ್ಮೆ ಫೋನಿನಲ್ಲಿ ಮಾತಾಡಿ, ‘ಯಾವುದು ಕೈಕೊಟ್ಟಿತು?’ ಎಂದು ಮೊದಲು ಕೇಳಿ. ಉತ್ತರ ಬಂದ ಮೇಲೆ ಮುಂದಿನ ಕಂತನ್ನು ತಡೆಹಿಡಿಯಬೇಡಿ, ಒಮ್ಮೆ ತಡೆದರೆ ಮತ್ತೆ ನಿಜವಾದ ಉತ್ತರ ಬರುವುದಿಲ್ಲ. ಹಣ ಪಡೆಯುವವರೂ ತಮ್ಮ ಕಡೆಯಿಂದ ಲೆಕ್ಕವನ್ನು ಸಕಾಲಕ್ಕೆ ಮುಗಿಸಬೇಕು, ಕೈಗೂಡದ ಗುರಿಗೆ ಆರಂಭದಲ್ಲಿಯೇ ಇಲ್ಲವೆನ್ನಬೇಕು.

ಬೇರ್ಪಡುವ ಕ್ರಮವನ್ನು ಮೊದಲ ಒಪ್ಪಂದದಲ್ಲಿಯೇ ಬರೆಯಿರಿ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ಹಠಾತ್ತನೆ ತಡೆಹಿಡಿದಾಗ ಹಲವು ದೇಶಗಳಲ್ಲಿ ಎಚ್‌ಐವಿ ಸೇವೆಗಳಿಗೆ ಅಡ್ಡಿಯಾಯಿತು. ಹಣ ನಿಲ್ಲುವ ಕನಿಷ್ಠ ಒಂದು ವರ್ಷ ಮೊದಲು ತಿಳಿಸುವುದು, ಕೊನೆಯ ಕಂತುಗಳನ್ನು ಹಂತಹಂತವಾಗಿ ಇಳಿಸುವುದು, ಚಿಕಿತ್ಸೆಯ ನಡುವೆ ಇರುವವರ ಔಷಧಿಯ ಹೊಣೆ ಯಾರದ್ದು ಮತ್ತು ಅವರ ದಾಖಲೆಗಳು ಯಾರ ಬಳಿ ಉಳಿಯಬೇಕು ಎಂಬುದನ್ನು ಹೆಸರು ಹಾಗೂ ದಿನಾಂಕದೊಂದಿಗೆ ನಿಗದಿಪಡಿಸುವುದು, ಇವಿಷ್ಟೂ ಸಹಿ ಹಾಕುವ ದಿನವೇ ಕಾಗದದ ಮೇಲಿರಲಿ.