ರಸ್ತೆಗೂ ಟ್ರ್ಯಾಕಿಗೂ ಒಂದೇ ಕಾರು: ರೋಲ್ ಕೇಜ್ ವಿಚಾರದಲ್ಲಿ ನನ್ನ ಅನುಭವ

ದಿನನಿತ್ಯ ಕೆಲಸಕ್ಕೆ ಓಡಿಸುವ ಕಾರನ್ನೇ ಬಿಡುವಾದಾಗ ರೇಸ್ ಟ್ರ್ಯಾಕಿಗೂ ಒಯ್ಯುವವರೆಲ್ಲ ಒಂದಲ್ಲ ಒಂದು ಹಂತದಲ್ಲಿ ರೋಲ್ ಕೇಜ್, ಅಂದರೆ ಕಾರು ಮಗುಚಿದಾಗ ಒಳಗಿರುವವರನ್ನು ಕಾಯುವ ಉಕ್ಕಿನ ಕೊಳವೆಗಳ ಚೌಕಟ್ಟು, ಹಾಕಿಸಬೇಕೇ ಎಂಬ ಪ್ರಶ್ನೆಯನ್ನು ಎದುರಿಸುತ್ತಾರೆ. ಟೈರು, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಎಂದು ಒಂದೊಂದಾಗಿ ಸುಧಾರಿಸುತ್ತ ಹೋದಂತೆ ನನ್ನ ಕಾರು ತಿರುವುಗಳಲ್ಲಿ ಮೊದಲಿಗಿಂತ ಬಹಳ ವೇಗವಾಗಿ ಸಾಗತೊಡಗಿತ್ತು. ಆದರೆ ಅದು ಮಗುಚಿದರೆ ನನ್ನ ತಲೆ ಕಾಯಬೇಕಾದ ಚಾವಣಿ ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆಯೇ ಇತ್ತು. ಬಾಗಿಲುಗಳ ಅಡ್ಡಕ್ಕೂ ವಿಂಡ್‌ಶೀಲ್ಡ್ ಕಂಬಗಳ ಉದ್ದಕ್ಕೂ ಕೊಳವೆ ಹಾಯಿಸಿ ಬೆಸೆದ ಪೂರ್ಣ ಕೇಜನ್ನು ಕೈಬಿಟ್ಟು, ಮುಂದಿನ ಸೀಟುಗಳ ಹಿಂದೆ ಮಾತ್ರ ನಿಲ್ಲುವ, ನಾಲ್ಕು ಕಡೆ ಕಾರಿನ ಮೈಗೆ ಬೋಲ್ಟ್ ಮಾಡಿದ ರೋಲ್ ಬಾರನ್ನು ನಾನು ಆರಿಸಿಕೊಂಡೆ. ಈ ಆಯ್ಕೆಗೆ ಹಣಕ್ಕಿಂತಲೂ ತೂಕಕ್ಕಿಂತಲೂ ದೊಡ್ಡ ಕಾರಣ ಹೆಲ್ಮೆಟ್ ಇಲ್ಲದ ತಲೆ.

ಪೂರ್ಣ ಕೇಜ್ ಒಂಟಿಯಾಗಿ ಯಾರನ್ನೂ ಕಾಪಾಡುವುದಿಲ್ಲ. ಹೆಲ್ಮೆಟ್, ದೇಹವನ್ನು ಅಲುಗಾಡದಂತೆ ಬಿಗಿದಿಡುವ ಹಾರ್ನೆಸ್, ಹಿಂದಕ್ಕೆ ಮಡಚದ ಬಕೆಟ್ ಸೀಟು, ಇವೆಲ್ಲ ಜೊತೆಗಿವೆ ಎಂದು ಭಾವಿಸಿಯೇ ಅದನ್ನು ರೂಪಿಸಿರುತ್ತಾರೆ. ರಸ್ತೆಯಲ್ಲಿ ಓಡಿಸುವಾಗ ಹೆಲ್ಮೆಟ್ ಇರುವುದಿಲ್ಲ, ಮೂರು ಪಾಯಿಂಟಿನ ಸೀಟ್ ಬೆಲ್ಟ್ ಅಪಘಾತದ ಹೊತ್ತಿನಲ್ಲಿ ಹಿಗ್ಗಿ ದೇಹವನ್ನು ಒಂದಷ್ಟು ಮುಂದಕ್ಕೂ ಪಕ್ಕಕ್ಕೂ ಬಿಡುತ್ತದೆ, ಆಗ ತಲೆ ಹೋಗಿ ಬಡಿಯುವುದು ಚೂರೂ ತಗ್ಗದ ಉಕ್ಕಿನ ಕೊಳವೆಗೆ. ಅದೇ ಜಾಗದಲ್ಲಿ ಕಾರು ತಯಾರಕರು ಒಳಕ್ಕೆ ಕುಸಿಯಬಲ್ಲ ಪ್ಲಾಸ್ಟಿಕ್ ಹೊದಿಕೆಯನ್ನೂ, ಅದರ ಹಿಂದೆ ಕರ್ಟನ್ ಏರ್‌ಬ್ಯಾಗನ್ನೂ ಇಟ್ಟಿರುತ್ತಾರೆ. ಕೇಜಿನ ಕೊಳವೆ ಹಾದುಹೋದರೆ ಆ ಏರ್‌ಬ್ಯಾಗ್ ಸರಿಯಾಗಿ ಬಿಚ್ಚಿಕೊಳ್ಳುವ ಭರವಸೆ ಉಳಿಯುವುದಿಲ್ಲ.

ಇದನ್ನು ಕಣ್ಣಾರೆ ಕಂಡು ತೀರ್ಮಾನಿಸಬೇಕೆಂದು, ಕೇಜಿನ ಕೊಳವೆಯಷ್ಟೇ ದಪ್ಪದ ಪಿವಿಸಿ ಪೈಪನ್ನು ಅಳತೆಗೆ ಕತ್ತರಿಸಿ, ಎ-ಪಿಲ್ಲರಿನ, ಅಂದರೆ ವಿಂಡ್‌ಶೀಲ್ಡ್ ಕಂಬದ, ಒಳಮೈಗೂ ಬಾಗಿಲಿನ ಮೇಲಂಚಿಗೂ ಟೇಪಿನಿಂದ ಅಂಟಿಸಿ ಕುಳಿತು ನೋಡಿದೆ. ಬೆಲ್ಟ್ ಹಾಕಿಕೊಂಡು ನಿಧಾನವಾಗಿ ಪಕ್ಕಕ್ಕೆ ವಾಲಿದರೆ ಕಿವಿಯ ಮೇಲ್ಭಾಗ ಸಲೀಸಾಗಿ ಪೈಪಿಗೆ ತಾಗುತ್ತಿತ್ತು. ನಿಧಾನವಾಗಿ ವಾಲಿದಾಗಲೇ ತಾಗುವ ಜಾಗಕ್ಕೆ ಡಿಕ್ಕಿಯಾದಾಗ ತಲೆ ಎಷ್ಟು ರಭಸದಿಂದ ಹೋಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಎ-ಪಿಲ್ಲರಿನ ಪೈಪಂತೂ ಕಂಬವನ್ನು ಇನ್ನಷ್ಟು ದಪ್ಪ ಮಾಡಿ, ವೃತ್ತದಲ್ಲಿ ತಿರುಗುವಾಗ ರಸ್ತೆ ದಾಟುವ ಮನುಷ್ಯ ಅದರ ಹಿಂದೆ ಪೂರ್ತಿ ಮರೆಯಾಗುವಷ್ಟು ನೋಟ ತಡೆಯುತ್ತಿತ್ತು. ಪೂರ್ಣ ಕೇಜಿನ ಆಲೋಚನೆಯನ್ನು ಅಲ್ಲಿಗೇ ಬಿಟ್ಟೆ. ಕೇಜ್ ಬೇಕೆನ್ನುವ ಯಾರೇ ಆಗಲಿ, ಒಂದು ಗಜ ಕೊಳವೆ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಬಾರಿನ ಅಳತೆಗಳಿಗೆ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎ ನಿಯಮಾವಳಿಯ ಅನುಬಂಧ ಜೆ, 253ನೇ ವಿಧಿಯನ್ನೇ ಆಧಾರವಾಗಿಟ್ಟುಕೊಂಡೆ. ಮುಖ್ಯ ಕಮಾನಿಗೆ, ಅಂದರೆ ಮೇನ್ ಹೂಪಿಗೆ, ಬೆಸುಗೆಯ ಗೆರೆಯಿಲ್ಲದ ಕೋಲ್ಡ್ ಡ್ರಾನ್ (ಬಿಸಿ ಮಾಡದೆ ಎಳೆದು ತಯಾರಿಸಿದ) ಕಾರ್ಬನ್ ಸ್ಟೀಲಿನ ಕೊಳವೆ ಬೇಕು. ಅದರ ಹೊರವ್ಯಾಸ 45 ಮಿ.ಮೀ. ಮತ್ತು ದಪ್ಪ 2.5 ಮಿ.ಮೀ., ಇಲ್ಲವೇ ವ್ಯಾಸ 50 ಮತ್ತು ದಪ್ಪ 2 ಮಿ.ಮೀ. ಇರಬೇಕು. ಲೆಕ್ಕ ಹಾಕಿದರೆ ಮೊದಲನೆಯದು ಮೀಟರಿಗೆ ಸುಮಾರು 2.6 ಕಿಲೋ, ಎರಡನೆಯದು ಸುಮಾರು 2.4 ಕಿಲೋ ತೂಗುತ್ತದೆ. ತೂಕ ಕಡಿಮೆಯಾದರೂ 50ರದನ್ನು ಬಿಟ್ಟೆ. ಕಮಾನು ಮುಂದಿನ ಬಾಗಿಲಿನ ಹಿಂದಿನ ಕಂಬವಾದ ಬಿ-ಪಿಲ್ಲರಿಗೂ ಚಾವಣಿಗೂ ಆದಷ್ಟು ಒತ್ತಿಕೊಂಡು ನಿಲ್ಲಬೇಕಾಗಿದ್ದರಿಂದ ಆ 5 ಮಿ.ಮೀ. ನನಗೆ 200 ಗ್ರಾಮಿಗಿಂತ ಮುಖ್ಯವಾಗಿತ್ತು. ಕ್ರೋಮಿಯಂ, ಮಾಲಿಬ್ಡಿನಮ್ ಬೆರೆತ ಕ್ರೋಮೋಲಿ ಉಕ್ಕಿನ ಸಲಹೆಯೂ ಬಂದಿತ್ತು. ಅದರ ಬಲ ಹೆಚ್ಚು ನಿಜ, ಆದರೆ ಅಳತೆ ಒಂದೇ ಆಗಿದ್ದರೆ ಬಿಗುವು ಸಾಮಾನ್ಯ ಉಕ್ಕಿನಷ್ಟೇ, ಬೆಸುಗೆಗಂತೂ ಹೆಚ್ಚಿನ ಎಚ್ಚರ ಬೇಕು.

ಕಮಾನು ಬಾಗಿಸಿ ತಂದ ಮೇಲೆ ಪ್ರತಿ ಬಾಗನ್ನೂ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದೆ. ಬಾಗಿನಲ್ಲಿ ಕೊಳವೆ ಚಪ್ಪಟೆಯಾದರೆ ಅಲ್ಲಿಯೇ ಮೊದಲು ಮಡಿಯುತ್ತದೆ. ಕಿರಿಯ ವ್ಯಾಸವು ಹಿರಿಯ ವ್ಯಾಸದ 0.9 ಪಾಲಿಗಿಂತ ಕಡಿಮೆ ಇರಕೂಡದು, ಬಾಗಿನ ತ್ರಿಜ್ಯ ಕೊಳವೆಯ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಾಗಬಾರದು ಎಂಬುದು ನಿಯಮ. ಕಮಾನಿನೊಳಗೆ ಮೂಲೆಯಿಂದ ಮೂಲೆಗೆ ಹಾಯುವ ಡಯಾಗನಲ್ ಕೊಳವೆಯನ್ನು ಹಿಂದಿನ ನೋಟಕ್ಕೆ ಅಡ್ಡಿಯೆಂದು ಬಿಡಿಸುವವರಿದ್ದಾರೆ. ಅದಿಲ್ಲದ ಕಮಾನು ಪಕ್ಕದಿಂದ ಬಲ ಬಿದ್ದಾಗ ಓರೆಯಾಗಿ ಕುಸಿಯುತ್ತದೆ, ಆದ್ದರಿಂದ ಈ ವಿಷಯದಲ್ಲಿ ರಾಜಿ ಮಾಡಿಕೊಳ್ಳಲಿಲ್ಲ. ಒಳಗನ್ನಡಿಯಲ್ಲಿ ಕಾಣುವ ಓರೆ ಗೆರೆಗೆ ಕಣ್ಣು ಬೇಗನೆ ಹೊಂದಿಕೊಂಡಿತು.

ಕಾರಿನ ನೆಲದ ತಗಡು ತೆಳು. ಅದರ ಮೇಲೆ ಕೊಳವೆಯನ್ನು ನೇರವಾಗಿ ಕೂರಿಸಿದರೆ ಮಗುಚಿದಾಗ ಅದು ತಗಡನ್ನು ತೂತು ಮಾಡಿಕೊಂಡು ಕೆಳಗಿಳಿಯುತ್ತದೆ. ಹಾಗಾಗಿ ಕಮಾನಿನ ಪ್ರತಿ ಕಾಲಿನಡಿಗೆ 3 ಮಿ.ಮೀ. ದಪ್ಪದ, ಕನಿಷ್ಠ 120 ಚದರ ಸೆಂ.ಮೀ. ವಿಸ್ತಾರದ ಬಲವರ್ಧಕ ತಟ್ಟೆ, 8.8 ಬಲದರ್ಜೆಯ ಎಂ8 (8 ಮಿ.ಮೀ. ವ್ಯಾಸದ) ಬೋಲ್ಟುಗಳು ಮೂರು. ಹಿಂದಕ್ಕೆ ಇಳಿಯುವ ಆಸರೆ ಕೊಳವೆಗಳಿಗೆ 60 ಚದರ ಸೆಂ.ಮೀ. ತಟ್ಟೆ, ಎರಡು ಬೋಲ್ಟುಗಳು. ಕಾಲಿನಡಿಯ ಕಾರ್ಪೆಟ್ಟನ್ನು ಕತ್ತರಿಸಿ ತೆಗೆಯುವುದು ಸಣ್ಣ ಕೆಲಸವೆನಿಸಿದರೂ ಅದರ ಫಲ ದೊಡ್ಡದು: ಕಾರ್ಪೆಟ್ ಮೇಲೆ ಬಿಗಿದರೆ ಅದು ದಿನಗಳೆದಂತೆ ಅದುಮಿಕೊಂಡು ಬೋಲ್ಟ್ ಸಡಿಲವಾಗುತ್ತದೆ, ಆಮೇಲೆ ಹಳ್ಳ ದಿಣ್ಣೆಗಳಲ್ಲೆಲ್ಲ ಕಟಕಟ ಸದ್ದು ಶುರುವಾಗುತ್ತದೆ. ಕೊರೆದ ರಂಧ್ರಗಳ ಅಂಚಿಗೆ ಪ್ರೈಮರ್, ಕೆಳಗಿನಿಂದ ಸೀಲೆಂಟ್ ಹಚ್ಚಿದೆ. ಮಳೆಯಲ್ಲೂ ಓಡುವ ಕಾರಿಗೆ ತುಕ್ಕು ನಿಧಾನವಾಗಿ ಕೊಲ್ಲುವ ಶತ್ರು.

ಬೆಲ್ಟುಗಳ ವಿಷಯಕ್ಕೆ ನಾನು ಅತಿ ಹೆಚ್ಚು ಯೋಚನೆ ವ್ಯಯಿಸಿದೆ. ಹಾರ್ನೆಸ್ ಹಾಕಿಕೊಂಡವನು ಚಾವಣಿ ಕುಸಿದರೂ ಪಕ್ಕಕ್ಕೆ ಬಾಗಲಾರ, ಬೆನ್ನು ನೆಟ್ಟಗೇ ಇರುತ್ತದೆ. ಆದ್ದರಿಂದ ರೋಲ್ ಬಾರ್ ಇಲ್ಲದ ಕಾರಿನಲ್ಲಿ ಹಾರ್ನೆಸ್ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ರಸ್ತೆಯಲ್ಲಿ ಅದೇ ಹಾರ್ನೆಸ್ ಮುಂದಕ್ಕೆ ಬಾಗಿ ಕೂಡುರಸ್ತೆಯ ಎರಡೂ ಬದಿ ನೋಡಲು ಬಿಡುವುದಿಲ್ಲ. ಹೀಗಾಗಿ ಮೂಲ ಬೆಲ್ಟನ್ನು, ಡಿಕ್ಕಿಯಾದಾಗ ಅದನ್ನು ತಟ್ಟನೆ ಬಿಗಿಯುವ ಪ್ರಿಟೆನ್ಷನರ್ ಸಮೇತ ಉಳಿಸಿಕೊಂಡು, ಅದು ಕಮಾನಿಗೆ ಎಲ್ಲಿಯೂ ಉಜ್ಜದೆ ಸರಾಗವಾಗಿ ಸುರುಳಿ ಬಿಚ್ಚುವಂತೆ ಕೊಳವೆಯ ದಾರಿಯನ್ನು ಗುರುತಿಸಿದೆ. ಟ್ರ್ಯಾಕಿಗೆ ಮಾತ್ರ ಆರು ಪಾಯಿಂಟಿನ ಹಾರ್ನೆಸ್. ಅದರ ಭುಜದ ಪಟ್ಟಿಗಳು ಸೀಟಿನ ಹಿಂದೆ ಕೆಳಕ್ಕಿಳಿಯುವ ಕೋನ 45 ಡಿಗ್ರಿ ಮೀರಕೂಡದು, 10 ಡಿಗ್ರಿಯೊಳಗಿದ್ದರೆ ಒಳ್ಳೆಯದು. ಪಟ್ಟಿ ಕಡಿದಾಗಿ ಇಳಿದಷ್ಟೂ ಡಿಕ್ಕಿಯ ಬಲ ಬೆನ್ನುಮೂಳೆಯನ್ನು ಕೆಳಕ್ಕೆ ಒತ್ತುತ್ತದೆ. ಕಮಾನಿಗೆ ಅಡ್ಡಲಾಗಿ ಬೆಸೆದ ಕೊಳವೆಯ ಎತ್ತರವನ್ನು ನಾನು ಸೀಟಿನಲ್ಲಿ ಕುಳಿತ ಮೇಲೆಯೇ ನಿಗದಿ ಮಾಡಿಸಿದೆ.

ಸೀಟನ್ನೂ ಈ ಲೆಕ್ಕದಿಂದಲೇ ಬದಲಿಸಿದೆ. ಹಿಂದಿನಿಂದ ಗುದ್ದಿದಾಗ ಮೂಲ ಸೀಟಿನ ಬೆನ್ನು ಹಿಂದಕ್ಕೆ ಬಾಗುತ್ತದೆ, ಬಾಗಿದರೆ ತಲೆ ಕಮಾನಿನ ಕಡೆಗೇ ಹೋಗುತ್ತದೆ. ಬೆನ್ನೂ ತಲೆಯಾಸರೆಯೂ ಒಂದೇ ತುಂಡಾಗಿರುವ ಬಕೆಟ್ ಸೀಟಿನಲ್ಲಿ ಈ ಅಪಾಯ ಬಹಳ ಕಡಿಮೆ. ಪಕ್ಕದ ನೋಟ ತಡೆಯುವ ತಲೆರೆಕ್ಕೆಗಳಿಲ್ಲದ, ಮೂಲ ಬೆಲ್ಟ್ ಸೊಂಟದ ಮೂಳೆಯ ಮೇಲೆ ಚಪ್ಪಟೆಯಾಗಿ ಕೂರುವಷ್ಟು ತಗ್ಗಿದ ಅಂಚುಗಳಿರುವ ಸೀಟನ್ನೇ ಹುಡುಕಿದೆ. ಮೂಲ ಸೀಟಿನೊಳಗಿದ್ದ ಸೈಡ್ ಏರ್‌ಬ್ಯಾಗ್ ಹೋಯಿತು. ಈ ನಷ್ಟವನ್ನು ತಿಳಿದೇ ಒಪ್ಪಿಕೊಂಡೆ.

ಕೊಳವೆಗೆ ಹೊದಿಸುವ ಪ್ಯಾಡಿಂಗ್ ಬಗ್ಗೆ ಒಂದು ಮಾತು. ಹೆಬ್ಬೆರಳಿನಿಂದ ಒತ್ತಿದರೆ ಉಕ್ಕಿನವರೆಗೂ ಇಳಿಯುವ ಮೆತ್ತನೆಯ ಫೋಮ್ ಪೆಟ್ಟಿನ ಹೊತ್ತಿಗೆ ಇಲ್ಲದಂತೆಯೇ. ಎಫ್‌ಐಎ 8857-2001 ಮಾನದಂಡದ ಪ್ಯಾಡ್ ಒತ್ತಿದರೆ ಮರದಷ್ಟು ಗಟ್ಟಿ ಅನಿಸುತ್ತದೆ, ಏಕೆಂದರೆ ಅದನ್ನು ಮಾಡಿರುವುದು ಹೆಲ್ಮೆಟ್ಟಿಗಾಗಿ. ನಾನು ಅದನ್ನೇ ಹಾಕಿದ್ದೇನೆ, ಆದರೆ ಪ್ಯಾಡ್ ಇದೆಯೆಂಬ ಧೈರ್ಯದಿಂದ ಬರಿಯ ತಲೆಯ ಅಳವಿನೊಳಗೆ ಕೊಳವೆ ತರಲಿಲ್ಲ.

ಹಿಂದಿನ ಸೀಟನ್ನೂ ಅದರ ಬೆಲ್ಟುಗಳನ್ನೂ ಪೂರ್ತಿ ತೆಗೆದಿದ್ದೇನೆ. ಅಲ್ಲಿ ಕುಳಿತವರ ಮುಖದ ನೇರಕ್ಕೇ ಕೊಳವೆ ಬರುವುದರಿಂದ, ಹತ್ತಿರದ ದಾರಿಯೆಂದು ಯಾರನ್ನಾದರೂ ಕೂರಿಸಿಕೊಳ್ಳುವ ಆಸೆಯೇ ಹುಟ್ಟಬಾರದು. ಸಾಮಾನು ಆಸರೆ ಕೊಳವೆಗಳ ನಡುವೆ ಹಿಡಿಸುತ್ತದೆ. ವಾಹನ ಮಾರ್ಪಾಡಿನ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ ನೋಂದಣಿ ಮತ್ತು ವಿಮೆಯವರನ್ನು ಕೆಲಸಕ್ಕೆ ಮೊದಲೇ ಕೇಳಬೇಕು.

ಬಾಗಿಲಿಗೆ ಅಡ್ಡ ಕೊಳವೆ ಇಲ್ಲದ ಕಾರಣ ಪಕ್ಕದ ಡಿಕ್ಕಿಯಲ್ಲಿ ನನಗೆ ಮೂಲ ಬಾಡಿಯ ರಕ್ಷಣೆಯಷ್ಟೇ ಇದೆ; ಮಗುಚಿದಾಗ ವಿಂಡ್‌ಶೀಲ್ಡಿನ ಕಡೆಯ ಚಾವಣಿಯೂ ಹಾಗೆಯೇ. ಈ ಕೊರತೆಯನ್ನು ನೆನಪಿನಲ್ಲಿಟ್ಟುಕೊಂಡು, ಗೋಡೆ ರಸ್ತೆಯಂಚಿಗೇ ಇರುವ ಟ್ರ್ಯಾಕುಗಳಿಗೆ ಈ ಕಾರನ್ನು ಒಯ್ಯುವುದಿಲ್ಲ, ಚಕ್ರಕ್ಕೆ ಚಕ್ರ ತಾಗಿಸುವ ಸ್ಪರ್ಧೆಗೂ ಇಳಿಸುವುದಿಲ್ಲ. ಇದು ಟ್ರೇಲರ್ ಮೇಲೆ ಮಾತ್ರ ಟ್ರ್ಯಾಕಿಗೆ ಹೋಗುವ ಕಾರಾದಾಗ ಉಳಿದ ಕೊಳವೆಗಳನ್ನು ಬೆಸೆಯಿಸುತ್ತೇನೆ, ಆಮೇಲೆ ಅದನ್ನು ರಸ್ತೆಯಲ್ಲಿ ಓಡಿಸುವುದಿಲ್ಲ.